ಕುಕ್ಕರ್ ಕೂಗುವ ಮನೆಗೆ ಯಾವ ಸಿನಿಮಾ?

ಶನಿವಾರ ರಾತ್ರಿ ಎಂಟೂವರೆ. ಒಲೆ ಮೇಲೆ ಬೇಳೆ ಇದೆ. ಅಮ್ಮ ಸೋಫಾದ ಒಂದು ತುದಿಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಾರೆ. ಐದನೇ ಕ್ಲಾಸಿನ ಮಗಳು ನೆಲದ ಮೇಲೆ ದಿಂಬು ಹಾಕಿಕೊಂಡು ಮಲಗಿದ್ದಾಳೆ. ರಿಮೋಟ್ ನನ್ನವರ ಕೈಯಲ್ಲಿ. ಒಂದು ಆ್ಯಪ್ ತೆಗೆದರು, ಟ್ರೈಲರ್ ಹಾಕಿದರು, ಬೇಡ ಅಂದರು. ಇನ್ನೊಂದು ಆ್ಯಪ್, ಇನ್ನೊಂದು ಟ್ರೈಲರ್. ಒಂಬತ್ತೂಕಾಲಿಗೆ ಊಟಕ್ಕೆ ಎದ್ದಾಗ ಹನ್ನೊಂದು ಟ್ರೈಲರ್ ಮುಗಿದಿತ್ತು. ಸಿನಿಮಾ ಇನ್ನೂ ಶುರುವಾಗಿರಲಿಲ್ಲ.

ಗೊತ್ತಿರುವವರನ್ನು ಕೇಳಿದರೆ ಸಲಹೆಗೇನೂ ಬರ ಇಲ್ಲ. "ಬೆಂಕಿ ಸಿನಿಮಾ, ಮಿಸ್ ಮಾಡ್ಬೇಡಿ" ಅಂತಾರೆ. ಆದರೆ ಹಾಗೆ ಹೇಳಿದವರು ಅದನ್ನು ನೋಡಿದ್ದು ಥಿಯೇಟರಿನಲ್ಲಿ. ಕತ್ತಲಲ್ಲಿ, ಫ್ರೆಂಡ್ಸ್ ಜೊತೆ, ಫೋನ್ ಜೇಬಿಗೆ ಹಾಕಿಕೊಂಡು. ನಾನು ನೋಡಬೇಕಾದ್ದು ವಿಷಲ್ ಎಣಿಸುತ್ತಾ. ಅವರು ನೋಡಿದ ಸಿನಿಮಾನೇ ಬೇರೆ, ನಮ್ಮ ಹಾಲ್‌ನಲ್ಲಿ ಓಡೋ ಸಿನಿಮಾನೇ ಬೇರೆ.

ಹಾಗಾಗಿ ಈಗ ನಾನು ಸಿನಿಮಾ ಆರಿಸುವಾಗ ಮೊದಲು ಕೇಳೋದು ಬೇರೆಯೇ ಪ್ರಶ್ನೆ. ಹತ್ತು ನಿಮಿಷ ಎದ್ದು ಹೋಗಿ ಬಂದರೆ ಕಥೆ ಮತ್ತೆ ಕೈಗೆ ಸಿಗುತ್ತಾ? ರೂಮಿನಲ್ಲಿ ಅಮ್ಮನೂ ಮಗಳೂ ಇಬ್ಬರೂ ಇದ್ದರೆ ಮುಜುಗರ ಇಲ್ಲದೆ ನೋಡಬಹುದಾ? ಹತ್ತೂವರೆಗೆ ಆಕಳಿಕೆ ಬಂತು ಅಂತ ಅರ್ಧಕ್ಕೆ ನಿಲ್ಲಿಸಿದರೆ ನಾಳೆ ಮುಂದುವರಿಸುವ ಮನಸ್ಸು ಇರುತ್ತಾ? ಸಿನಿಮಾ ಚೆನ್ನಾಗಿದೆಯಾ ಅನ್ನೋದು ಆಮೇಲಿನ ಮಾತು.

ಈ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಪಾಸಾದವು, ಫೇಲಾದವು, ಸಪ್ಲಿಮೆಂಟರಿ ಬರೆದವು ಎಲ್ಲವನ್ನೂ ಕೆಳಗೆ ಹೇಳ್ತೀನಿ. ಸಿನಿಮಾಗಳೆಲ್ಲ ಕನ್ನಡದವೇ. ಯಾವುದು ಯಾವ ಆ್ಯಪ್‌ನಲ್ಲಿದೆ ಅಂತ ಬರೆಯುವುದಿಲ್ಲ. ಹಕ್ಕುಗಳು ಕೈ ಬದಲಾಗುತ್ತಲೇ ಇರುತ್ತವೆ. ಇವತ್ತು ಇಲ್ಲಿದ್ದದ್ದು ದೀಪಾವಳಿ ಹೊತ್ತಿಗೆ ಇನ್ನೆಲ್ಲೋ ಇರುತ್ತದೆ. ಹೆಸರು ಹಾಕಿ ಹುಡುಕಿ, ಸಿಗುತ್ತದೆ.

ಎಲ್ಲರೂ ಕೂತಿರುವಾಗ

ಇಲ್ಲಿ ನನ್ನ ಮೊದಲ ಓಟು 1990ರ 'ಗಣೇಶನ ಮದುವೆ'ಗೆ. ಫಣಿ ರಾಮಚಂದ್ರ ನಿರ್ದೇಶನ, ಅನಂತ್ ನಾಗ್, ವಿನಯಾ ಪ್ರಸಾದ್. ಒಂದು ವಠಾರ, ಅದರ ಓನರ್, ಬಾಡಿಗೆಯವರು, ಪರಸ್ಪರ ಮುಖ ನೋಡದೆ ಪತ್ರದಲ್ಲೇ ಶುರುವಾಗುವ ಪ್ರೀತಿ. ಇದರ ಗುಣ ಏನಂದರೆ, ಪ್ರತಿ ಸೀನೂ ತನ್ನಷ್ಟಕ್ಕೆ ತಾನು ನಿಲ್ಲುತ್ತದೆ. ನೀವು ಒಗ್ಗರಣೆ ಹಾಕಿ ಬಂದರೂ ಓನರ್ ಪಾತ್ರದ ಮುಖ್ಯಮಂತ್ರಿ ಚಂದ್ರು ಯಾರ ಮೇಲೋ ರೇಗುತ್ತಲೇ ಇರುತ್ತಾರೆ. ಏನಾಯ್ತು ಅಂತ ಕೇಳಬೇಕಾಗಿಲ್ಲ. ಅಮ್ಮನಿಗೆ ಅರ್ಧ ಡೈಲಾಗ್ ಬಾಯಿಪಾಠ. ಮಗಳಿಗೆ ಮಾತ್ರ ಒಂದು ತೊಡಕು ಬಂತು. "ಫೋಟೋ ಕಳಿಸಿದ್ರೆ ಮುಗೀತಿತ್ತಲ್ವಾ?" ಅಂದಳು. ಇನ್‌ಲ್ಯಾಂಡ್ ಲೆಟರ್ ಅಂದರೆ ಏನು ಅಂತ ವಿವರಿಸಲು ಐದು ನಿಮಿಷ ಸಿನಿಮಾ ನಿಲ್ಲಿಸಿದೆವು. ಅದೂ ಚೆನ್ನಾಗಿಯೇ ಇತ್ತು.

ಇದಕ್ಕೆ ಎದುರಾಗಿ ಹೊಸದರಲ್ಲಿ ನಿಲ್ಲಬಲ್ಲದ್ದು 2018ರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ'. ಗಡಿಯಾಚೆಯ ಒಂದು ಕನ್ನಡ ಶಾಲೆ ಮುಚ್ಚಿಹೋಗುವ ಹಂತಕ್ಕೆ ಬರುವ ಕಥೆ. ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂದಿದೆ. ಪ್ರಶಸ್ತಿ ಅಂದ ತಕ್ಷಣ ಹೆದರಬೇಡಿ, ನಗು ಜಾಸ್ತಿ. ನಮ್ಮ ಮನೆ ಲೆಕ್ಕದಲ್ಲಿ ಇದು ಎರಡು ಭಾಗ. ಮೊದಲರ್ಧ ಮಗಳದ್ದು: ಕ್ಲಾಸ್‌ರೂಮು, ಪುಂಡಾಟ, ದಡ್ಡ ಅನ್ನಿಸಿಕೊಂಡ ಹುಡುಗ. ಅನಂತ್ ನಾಗ್ ಬರೋದು ತಡವಾಗಿ, ಆಮೇಲಿನದ್ದು ಅಮ್ಮನದ್ದು. ಮೊದಲರ್ಧದಲ್ಲಿ ನೀವು ನಿಶ್ಚಿಂತೆಯಿಂದ ಚಪಾತಿ ಲಟ್ಟಿಸಬಹುದು. ಕೋರ್ಟಿಗೆ ಬರುವ ಹೊತ್ತಿಗೆ ಬಂದು ಕೂತರೆ ಸಾಕು.

ಇವೆರಡರಲ್ಲಿ ಯಾವುದು? ಮಕ್ಕಳು ಇಬ್ಬರಿಗಿಂತ ಜಾಸ್ತಿ ಇದ್ದರೆ ಶಾಲೆ. ದೊಡ್ಡವರು ಜಾಸ್ತಿ ಇದ್ದರೆ ಮದುವೆ.

'777 ಚಾರ್ಲಿ' ಬಗ್ಗೆ ಎಲ್ಲರೂ "ಫ್ಯಾಮಿಲಿ ಜೊತೆ ನೋಡಿ" ಅಂದಿದ್ದರು. 2022ರದ್ದು. ಅತ್ಯುತ್ತಮ ಕನ್ನಡ ಚಿತ್ರ ರಾಷ್ಟ್ರಪ್ರಶಸ್ತಿಯೂ ಬಂದಿದೆ. ಒಂಟಿ ಬದುಕಿನವನೊಬ್ಬನ ಮನೆಗೆ ಒಂದು ನಾಯಿ ಬಂದು ಸೇರುತ್ತದೆ. ತಪ್ಪು ಹೇಳಲ್ಲ, ಸಿನಿಮಾ ಒಳ್ಳೆಯದು. ಆದರೆ ಯಾರೂ ಉದ್ದ ಹೇಳಲಿಲ್ಲ, ಎರಡೂಮುಕ್ಕಾಲು ಗಂಟೆ ಹತ್ತಿರ ಇದೆ. ಅಳು ಎಷ್ಟು ಅಂತಲೂ ಹೇಳಲಿಲ್ಲ. ಒಂಬತ್ತೂವರೆಗೆ ಹಾಕಿದ್ದೆವು. ಹನ್ನೆರಡಕ್ಕೆ ಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವಳನ್ನು ಸಮಾಧಾನ ಮಾಡಬೇಕಾದ ನನ್ನವರು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಮರುದಿನದಿಂದ ನಾಯಿ ಬೇಕು ಅನ್ನುವ ಹಟ ಬೇರೆ ಶುರುವಾಯಿತು. ಇದನ್ನು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಾಕಿ. ರಾತ್ರಿ ಬೇಡ.

ಇತ್ತೀಚಿನದ್ದು ಬೇಕು, ಎಲ್ಲರೂ ನಗಬೇಕು ಅಂದರೆ 2025ರ 'ಸು ಫ್ರಮ್ ಸೋ'. ಕರಾವಳಿಯ ಒಂದು ಊರು, ಮೈಮೇಲೆ ದೆವ್ವ ಬಂತು ಅನ್ನುವ ಗುಲ್ಲು. ಇಲ್ಲಿ ಒಂದು ಮಾತು. ಮಂಗಳೂರು ಕಡೆಯ ಕನ್ನಡದ ವೇಗಕ್ಕೆ ಕಿವಿ ಒಗ್ಗಲು ನಮ್ಮ ಅಮ್ಮನಿಗೆ ಇಪ್ಪತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತು ಅವರು ನಕ್ಕಿದ್ದು ನಾವು ನಕ್ಕೆವು ಅಂತ. ಮಿಕ್ಸಿ ಓಡುತ್ತಿರುವಾಗ ಈ ಸಿನಿಮಾ ಹಾಕಲೇಬೇಡಿ, ಇದರ ಜೀವ ಇರೋದು ಮಾತಿನಲ್ಲಿ.

ಸರ್ಟಿಫಿಕೇಟ್ ಬಗ್ಗೆಯೂ ಹೇಳಿಬಿಡ್ತೀನಿ. ಹಳೆಯ ಸಿನಿಮಾಗಳಿಗೆ ಬರೀ ಯು/ಎ ಅಂತಿರುತ್ತದೆ. ಅದು ಏಳು ವರ್ಷದವರಿಗೋ ಹದಿನೈದು ವರ್ಷದವರಿಗೋ ಅಂತ ಗೊತ್ತಾಗುತ್ತಿರಲಿಲ್ಲ. 2023ರಲ್ಲಿ ಕಾಯ್ದೆ ತಿದ್ದಿದ ಮೇಲೆ ಅದನ್ನು 7+, 13+, 16+ ಅಂತ ಒಡೆದಿದ್ದಾರೆ. ಆ್ಯಪ್‌ಗಳಲ್ಲಿ 2021ರ ನಿಯಮದ ಪ್ರಕಾರ ಇದೇ ರೀತಿಯ ವಯಸ್ಸಿನ ಗುರುತು ಮೂಲೆಯಲ್ಲಿ ಬರುತ್ತದೆ. ಶುರುವಾದ ಐದು ಸೆಕೆಂಡ್ ಅಷ್ಟೇ ಇರುತ್ತದೆ, ಅಷ್ಟರಲ್ಲಿ ನೋಡಿಬಿಡಿ. ನಾನಂತೂ 16+ ಅಂತ ಕಂಡರೆ ಮಗಳನ್ನು ಮಲಗಿಸಿಯೇ ಹಾಕೋದು.

ಜನ ಹೇಳುವ ಮಾತಿನ ಅರ್ಥ

ಇಷ್ಟು ವರ್ಷದಲ್ಲಿ ಕಲಿತದ್ದು ಇದು. ಅಭಿಪ್ರಾಯ ಕೇಳಬೇಕು, ಆದರೆ ಹೇಳುತ್ತಿರುವವರು ಯಾರು ಅಂತ ನೋಡಿ ಅರ್ಥ ಮಾಡಿಕೊಳ್ಳಬೇಕು.

"ಒಂದ್ಸಲ ನೋಡ್ಬೋದು" ಅನ್ನೋದನ್ನೇ ತಗೊಳ್ಳಿ. ನನ್ನ ತಮ್ಮ ಹೀಗಂದರೆ ಸಿನಿಮಾ ಚೆನ್ನಾಗಿಲ್ಲ ಅಂತ, ಆದರೆ ಟಿಕೆಟ್ ದುಡ್ಡು ಅವನದ್ದೇ ಹೋಗಿದೆ. ಪಕ್ಕದ ಮನೆ ಆಂಟಿ ಹೀಗಂದರೆ ಸಿನಿಮಾ ನಿಜಕ್ಕೂ ಚೆನ್ನಾಗಿದೆ ಅಂತ. ಅವರು ಯಾವುದನ್ನೂ ಎರಡನೇ ಸಲ ನೋಡುವುದಿಲ್ಲ. ಒಂದು ಸಲಕ್ಕೆ ಒಪ್ಪಿದ್ದೇ ದೊಡ್ಡದು.

"ಲ್ಯಾಗ್" ಅನ್ನೋದು ಇನ್ನೊಂದು. ಇಪ್ಪತ್ತರ ಹುಡುಗ ಲ್ಯಾಗ್ ಅಂದರೆ, ಅದರಲ್ಲಿ ಜನ ಕೂತು ಮಾತಾಡುತ್ತಾರೆ ಅಂತ ಅರ್ಥ. ನನಗೆ ಅದು ಒಳ್ಳೆಯ ಸುದ್ದಿ. ಅರವತ್ತು ದಾಟಿದವರೇ ಲ್ಯಾಗ್ ಅಂದರೆ ಮಾತ್ರ ದೂರ ಇರಿ. "ಫಸ್ಟ್ ಹಾಫ್ ಸ್ಲೋ, ಸೆಕೆಂಡ್ ಹಾಫ್ ಸೂಪರ್" ಅನ್ನೋದು ಥಿಯೇಟರಿನ ಮಟ್ಟಿಗೆ ಹೊಗಳಿಕೆ. ಯಾಕಂದರೆ ಅಲ್ಲಿ ಎದ್ದು ಹೋಗಲು ಆಗಲ್ಲ. ಮನೆಯಲ್ಲಿ ಅದು ಅಪಾಯ. ಫಸ್ಟ್ ಹಾಫ್‌ನಲ್ಲೇ ಎಲ್ಲರ ಕೈಗೆ ಫೋನ್ ಬಂದಿರುತ್ತದೆ, ಸೆಕೆಂಡ್ ಹಾಫ್ ನೋಡಲು ಯಾರೂ ಉಳಿದಿರುವುದಿಲ್ಲ. "ಎರಡು ಸಲ ನೋಡಿದ್ರೆ ಅರ್ಥ ಆಗುತ್ತೆ" ಅಂದರೆ, ದಯವಿಟ್ಟು ಶನಿವಾರ ಬೇಡ.

ಬಿಡುಗಡೆಯಾದ ಮೊದಲ ಮೂರು ದಿನದ ಸ್ಟಾರ್ ರೇಟಿಂಗ್ ನಾನು ನೋಡುವುದಿಲ್ಲ. ಅಭಿಮಾನಿಗಳು ಹತ್ತಕ್ಕೆ ಹತ್ತು, ಎದುರು ಪಾಳಯದವರು ಹತ್ತಕ್ಕೆ ಒಂದು. ಮಧ್ಯದಲ್ಲಿರುವ ನಮ್ಮಂಥವರು ಕೊಡುವುದೇ ಇಲ್ಲ. ಒಂದು ತಿಂಗಳಾದ ಮೇಲೆ, ಮನೆಯಲ್ಲೇ ನೋಡಿದವರು ಏನಂದರು ಅಂತ ಕೇಳಿ. "ಮಧ್ಯದಲ್ಲಿ ನಿದ್ದೆ ಬಂತು" ಅನ್ನುವ ಒಂದು ಮಾತು ನೂರು ರಿವ್ಯೂಗಿಂತ ಮೇಲು. ಎಷ್ಟು ಗಂಟೆಗೆ ನಿದ್ದೆ ಬಂತು ಅಂತಲೂ ಕೇಳಿ.

ಎಲ್ಲರೂ ಮಲಗಿದ ಮೇಲೆ

ಮನೆ ಸದ್ದಡಗಿದ ಮೇಲೆ ಲೆಕ್ಕ ಪೂರಾ ಬದಲಾಗುತ್ತದೆ. ಈಗ ಎದ್ದು ಹೋಗಬಾರದ ಸಿನಿಮಾ ಹಾಕಬಹುದು.

ಇಲ್ಲಿ ಜನ ಯಾವಾಗಲೂ ಪವನ್ ಕುಮಾರ್ ಅವರ ಎರಡು ಸಿನಿಮಾಗಳ ಮಧ್ಯೆ ಒದ್ದಾಡುತ್ತಾರೆ. 2013ರ 'ಲೂಸಿಯಾ' ಮತ್ತು 2016ರ 'ಯು ಟರ್ನ್'. ಮೊದಲನೆಯದು ಪ್ರೇಕ್ಷಕರೇ ದುಡ್ಡು ಹಾಕಿ ಮಾಡಿಸಿದ ಸಿನಿಮಾ. ಥಿಯೇಟರಿನಲ್ಲಿ ಟಾರ್ಚ್ ಬಿಡುವ ಹುಡುಗ, ನಿದ್ದೆ ಬರದ ಕಾಯಿಲೆ, ಒಂದು ಮಾತ್ರೆ. ಒಂದು ಬದುಕು ಕಲರ್‌ನಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ಇದನ್ನು ನಾವು ಮೊದಲ ಸಲ ಎಲ್ಲರೂ ಇದ್ದಾಗ ಹಾಕಿ ತಪ್ಪು ಮಾಡಿದ್ದೆವು. ಅಮ್ಮ ಹಾಲು ಹೆಪ್ಪಿಗೆ ಹಾಕಲು ಹೋಗಿ ಬಂದವರು "ಅಯ್ಯೋ, ಚಾನೆಲ್ ಚೇಂಜ್ ಮಾಡಿದ್ರಾ?" ಅಂದರು. ಅದೇ ಸಿನಿಮಾ ಅಂತ ನಂಬಿಸಲು ಸಾಕುಸಾಕಾಯಿತು.

'ಯು ಟರ್ನ್' ಚಿಕ್ಕದು, ಎರಡು ಗಂಟೆ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಕಲ್ಲು ಸರಿಸಿ ಅಡ್ಡದಾರಿ ಮಾಡಿಕೊಂಡು ಗಾಡಿ ತಿರುಗಿಸುವವರ ಕಥೆ. ನೀವು ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸುವವರಾದರೆ ಮೊದಲ ಸೀನಿನಲ್ಲೇ ಹೊಟ್ಟೆಯೊಳಗೆ ಏನೋ ಆಗುತ್ತದೆ. ನಾವೂ ಮಾಡಿದ್ದೇವಲ್ಲ ಇದನ್ನು ಅಂತ. ಮಧ್ಯೆ ಹಾಡು ಹಾಕಿ ಉಸಿರು ಬಿಡಲು ಜಾಗ ಕೊಡುವುದಿಲ್ಲ. ರಾತ್ರಿ ಹತ್ತಕ್ಕೆ ಶುರು ಮಾಡಿದರೆ ಹನ್ನೆರಡಕ್ಕೆ ಮುಗಿಯುತ್ತದೆ, ಆಮೇಲೆ ಗೇಟ್ ಬೀಗ ನೋಡಿಕೊಂಡು ಬರಲು ಒಬ್ಬರೇ ಹೋಗಲ್ಲ.

ನಾಳೆ ಬೇಗ ಏಳಬೇಕಿದ್ದರೆ 'ಯು ಟರ್ನ್'. ರಜೆ ಇದ್ದರೆ, ಮುಗಿದ ಮೇಲೆ ಕೂತು ವಾದ ಮಾಡಲು ಜೊತೆಯಲ್ಲಿ ಯಾರಾದರೂ ಇದ್ದರೆ 'ಲೂಸಿಯಾ'. ಒಬ್ಬರೇ ನೋಡಿದರೆ ಅದರ ಅರ್ಧ ಮಜಾ ಇಲ್ಲ.

'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಎರಡೂ ಗುಂಪಿಗೆ ಸೇರುತ್ತದೆ, ಸೇರುವುದೂ ಇಲ್ಲ. ಹೆಸರು ಬಂದಿರೋದೇ 'ಕಾಣೆಯಾಗಿದ್ದಾರೆ' ಪ್ರಕಟಣೆಗಳ ಭಾಷೆಯಿಂದ. ಮರೆವಿನ ಕಾಯಿಲೆಯ ಅಪ್ಪ ಕಳೆದುಹೋಗುತ್ತಾನೆ, ಮಗ ಹುಡುಕುತ್ತಾನೆ. ಮತ್ತೆ ಅನಂತ್ ನಾಗ್. ಈ ಮನುಷ್ಯ ಇಲ್ಲದೆ ಕನ್ನಡದಲ್ಲಿ ಮನೆಯವರೆಲ್ಲ ಕೂತು ನೋಡುವ ಸಿನಿಮಾ ಪಟ್ಟಿ ಮಾಡೋಕೆ ಆಗಲ್ವೇನೋ. ಮಧ್ಯೆ ಒಂದು ಕ್ರೈಮ್ ಕಥೆಯೂ ಇದೆ, ಹೆಣ ಸಾಗಿಸುವುದು, ಗನ್ನು ಎಲ್ಲ. ಆದರೂ ನಾನು ಇದನ್ನು ವಯಸ್ಸಾದವರ ಜೊತೆ ನೋಡಿ ಅಂತಲೇ ಹೇಳ್ತೀನಿ. ಒಂದೇ ಎಚ್ಚರಿಕೆ. ಮನೆಯಲ್ಲಿ ಯಾರಿಗಾದರೂ ಇತ್ತೀಚೆಗೆ ಮರೆವು ಶುರುವಾಗಿದ್ದರೆ ಮೊದಲು ನೀವೊಬ್ಬರೇ ನೋಡಿ. ನಮ್ಮ ದೊಡ್ಡಪ್ಪನ ಎದುರು ಹಾಕಿದ್ದೆವು. ಅವರು ಏನೂ ಅನ್ನಲಿಲ್ಲ. ಮುಗಿದ ಮೇಲೆ ಜೇಬಿನಿಂದ ಡೈರಿ ತೆಗೆದು ನಮ್ಮೆಲ್ಲರ ಫೋನ್ ನಂಬರ್ ಸರಿಯಿದೆಯಾ ಅಂತ ಒಂದೊಂದೇ ಕೇಳಿ ನೋಡಿಕೊಂಡರು.

'ತಿಥಿ' ಎಂಬ ಬೇರೆಯೇ ಲೆಕ್ಕ

ಇದಕ್ಕೆ ಪ್ರತ್ಯೇಕವಾಗಿ ಬರೆಯಬೇಕು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಸುತ್ತಮುತ್ತ, ಅಲ್ಲಿನ ಜನರನ್ನೇ ಹಾಕಿಕೊಂಡು ರಾಮ್ ರೆಡ್ಡಿ ಮಾಡಿದ ಸಿನಿಮಾ. ಯಾರೂ ವೃತ್ತಿಯ ನಟರಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಗೆದ್ದಿತು. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೇ ದಿನದ ತಿಥಿ ಬರುವಷ್ಟರಲ್ಲಿ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಮೂವರೂ ಏನೇನು ಮಾಡಿಕೊಳ್ಳುತ್ತಾರೆ ಅನ್ನೋದೇ ಕಥೆ.

ಮೊದಲ ಸೀನ್ ನೋಡಿ. ತಾತ ಬೀದಿ ಬದಿ ಕೂತು ಹೋಗಿಬರುವವರಿಗೆಲ್ಲ ಬಾಯಿಗೆ ಬಂದ ಹಾಗೆ ಬೈಯುತ್ತಾನೆ. ಯಾರಿಗೂ ಬೇಜಾರಿಲ್ಲ. ಎದ್ದು ಹೋಗುತ್ತಾನೆ, ಬೀಳುತ್ತಾನೆ, ಸತ್ತ. ಮ್ಯೂಸಿಕ್ ಇಲ್ಲ, ಕ್ಲೋಸಪ್ ಇಲ್ಲ. ಅಷ್ಟೇ.

ಪ್ರಶಸ್ತಿ ನೋಡಿ ಹಾಕಿದವರು ಅರ್ಧ ಜನ "ಏನೂ ಆಗೋದೇ ಇಲ್ಲ" ಅಂತ ನಿಲ್ಲಿಸುತ್ತಾರೆ. ಇನ್ನರ್ಧ ಜನ ಹೊಟ್ಟೆ ಹಿಡಿದು ನಗುತ್ತಾರೆ. ವ್ಯತ್ಯಾಸ ಇಷ್ಟೇ: ಮಂಡ್ಯ, ಮೈಸೂರು ಕಡೆ ಹಳ್ಳಿಯಲ್ಲಿ ಒಂದಾದರೂ ತಿಥಿ ಊಟ ಮಾಡಿದವರಿಗೆ ಇದು ಕಾಮಿಡಿ. ಜಮೀನು ಮಾರಲು ಬದುಕಿರುವ ಅಪ್ಪನನ್ನೇ ಕಾಗದದ ಮೇಲೆ ಸಾಯಿಸಲು ಹೊರಡುವ ತಮ್ಮಣ್ಣನಂಥವನು ಅವರ ನೆಂಟರಲ್ಲೇ ಒಬ್ಬ ಇರುತ್ತಾನೆ. ಫ್ಲಾಟ್‌ನಲ್ಲಿ ಹುಟ್ಟಿ ಬೆಳೆದವರಿಗೆ ಇದು ಡಾಕ್ಯುಮೆಂಟರಿ. ನಮ್ಮ ಮಾವ ಮದ್ದೂರಿನವರು. ಅವರು ನೋಡುತ್ತಾ "ಇದರಲ್ಲಿ ಆ್ಯಕ್ಟಿಂಗ್ ಎಲ್ಲಿದೆ?" ಅಂದರು. ಬೈದರೋ ಹೊಗಳಿದರೋ ಇವತ್ತಿಗೂ ಗೊತ್ತಿಲ್ಲ. ಬೈಗುಳ ಧಾರಾಳವಾಗಿದೆ, ಮಕ್ಕಳಿದ್ದರೆ ಬೇಡ.

ದೊಡ್ಡ ಸಿನಿಮಾ, ಚಿಕ್ಕ ಟಿವಿ

'ಕಾಂತಾರ', 'ಕೆಜಿಎಫ್' ಥರದವು ಮನೆಯಲ್ಲಿ ಸಪ್ಪೆ ಅನ್ನುವವರು ಬಹಳ. ಅವರ ಮಾತು ಪೂರ್ತಿ ಸುಳ್ಳಲ್ಲ. 'ಕಾಂತಾರ'ದ ಕೊನೆಯ ಇಪ್ಪತ್ತು ನಿಮಿಷ ಥಿಯೇಟರಿನಲ್ಲಿ ಎದೆಗೆ ಬಡಿದಂತೆ ಆಗಿತ್ತು. ಮನೆಯಲ್ಲಿ ಆ ಕೂಗಿಗೆ ಮೇಲಿನ ಮನೆಯವರು ಫೋನ್ ಮಾಡಿದರು. ಆದರೆ ಸಪ್ಪೆ ಆಗೋದಕ್ಕೆ ಅರ್ಧ ಕಾರಣ ನಮ್ಮ ಟಿವಿ ಸೆಟಿಂಗು.

ಎಲ್ಲರ ಮನೆಯಲ್ಲೂ ಒಂದೇ ದೂರು ಅಲ್ವಾ? ಮಾತು ಕೇಳಲ್ಲ ಅಂತ ಸೌಂಡ್ ಜಾಸ್ತಿ ಮಾಡಿದರೆ, ಫೈಟ್ ಬಂದಾಗ ಕಿವಿ ಹರಿಯುತ್ತದೆ. ಕೈಯಲ್ಲಿ ರಿಮೋಟ್ ಹಿಡಿದೇ ಸಿನಿಮಾ ನೋಡಬೇಕು. ಇದಕ್ಕೆ ಕಾರಣ ಇದೆ. ಸಿನಿಮಾದ ಶಬ್ದ ಐದಾರು ಸ್ಪೀಕರ್‌ಗಳಿಗೆ ಅಂತ ಹಂಚಿರುತ್ತಾರೆ. ಮಾತು ಬಹುತೇಕ ಮಧ್ಯದ ಸ್ಪೀಕರಿಗೆ. ನಮ್ಮ ಟಿವಿಗೆ ಇರೋದು ಎರಡೇ ಸ್ಪೀಕರ್, ಅವೂ ಕೆಳಗೆ ಇಲ್ಲಾ ಹಿಂದಕ್ಕೆ ಮುಖ ಮಾಡಿರುತ್ತವೆ. ಎಲ್ಲವನ್ನೂ ಅದರೊಳಗೆ ತುರುಕಿದಾಗ ಮಾತು ಕೆಳಗೆ ಬೀಳುತ್ತದೆ. ಆ್ಯಪ್‌ನ ಆಡಿಯೋ ಮೆನುವಿನಲ್ಲಿ 5.1 ಬದಲು ಸ್ಟೀರಿಯೋ ಸಿಕ್ಕರೆ ಅದನ್ನು ಆರಿಸಿ. ಟಿವಿಯಲ್ಲಿ ಡೈಲಾಗ್ ಹೆಚ್ಚಿಸುವ ಮೋಡ್ ಅಥವಾ ನೈಟ್ ಮೋಡ್ ಇದ್ದರೆ ಆನ್ ಮಾಡಿ. ದೊಡ್ಡ ಶಬ್ದ ತಗ್ಗುತ್ತದೆ, ಸಣ್ಣ ಮಾತು ಏಳುತ್ತದೆ. ನಮ್ಮಲ್ಲಿ ಈ ಒಂದು ಬದಲಾವಣೆಯಿಂದ ಅಮ್ಮ "ಏನಂದ? ಏನಂದ?" ಅಂತ ಕೇಳುವುದು ಅರ್ಧಕ್ಕರ್ಧ ಕಡಿಮೆಯಾಯಿತು.

ಹೊಸ ಟಿವಿಯಲ್ಲಿ ಸಿನಿಮಾ ಸೀರಿಯಲ್ ಥರ ಕಾಣುತ್ತೆ ಅಂತ ಅನ್ನಿಸಿದ್ದರೆ ಅದೂ ನಿಮ್ಮ ಭ್ರಮೆ ಅಲ್ಲ. ಸಿನಿಮಾ ಸೆಕೆಂಡಿಗೆ 24 ಚಿತ್ರ. ಟಿವಿ ತಾನೇ ಮಧ್ಯೆ ಸುಳ್ಳು ಚಿತ್ರಗಳನ್ನು ಸೇರಿಸಿ ನುಣ್ಣಗೆ ಮಾಡುತ್ತದೆ. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿದೆ: ಟ್ರೂಮೋಷನ್, ಮೋಷನ್‌ಫ್ಲೋ ಇತ್ಯಾದಿ. ಆಫ್ ಮಾಡಿ. ಕ್ರಿಕೆಟ್ಟಿಗೆ ಬೇಕಾದರೆ ಮತ್ತೆ ಹಾಕಿಕೊಳ್ಳಿ. ಇನ್ನು ಟ್ಯೂಬ್‌ಲೈಟ್. 'ಕೆಜಿಎಫ್'ನಂಥ ಕರಿಮಸಿ ಬಣ್ಣದ ಸಿನಿಮಾವನ್ನು ಟ್ಯೂಬ್‌ಲೈಟ್ ಉರಿಸಿಕೊಂಡು ನೋಡಿದರೆ ಕಾಣೋದು ಯಶ್ ಅಲ್ಲ, ಗಾಜಿನಲ್ಲಿ ನಮ್ಮದೇ ಮುಖ.

ಇಷ್ಟೆಲ್ಲ ಮಾಡಿದ ಮೇಲೆ ನನ್ನ ತೀರ್ಪು: ಮನೆಯಲ್ಲಿ 'ಕಾಂತಾರ' ಗೆಲ್ಲುತ್ತದೆ. ಅಬ್ಬರ ಕಳೆದರೂ ಅದರಲ್ಲಿ ಊರಿದೆ, ಜಗಳವಿದೆ, ನಗುವಿದೆ. 'ಕೆಜಿಎಫ್'ನ ಬಿಲ್ಡಪ್‌ಗೆ ಪಕ್ಕದಲ್ಲಿ ಶಿಳ್ಳೆ ಹೊಡೆಯುವವರು ಬೇಕು. ಒಬ್ಬರೇ ಸೋಫಾದ ಮೇಲೆ ಕೂತು ಶಿಳ್ಳೆ ಹೊಡೆಯೋಕೆ ಆಗಲ್ಲ.

ಸೀರಿಯಲ್ ಅಂದರೆ ಮೂಗು ಮುರಿಯಬೇಡಿ

ಸೀರಿಯಲ್ ಬೈಯುವುದು ಸುಲಭ. ಒಬ್ಬರು ಒಂದು ಮಾತಾಡಿದರೆ ಆರು ಜನರ ಮುಖ ತೋರಿಸಿ, ಮೂರು ಸಲ ಢಂ ಅನ್ನಿಸುತ್ತಾರೆ. ನಾನೂ ಬೈಯುತ್ತಿದ್ದೆ. ಒಂದು ದಿನ ಅಮ್ಮನನ್ನು ಗಮನಿಸಿದೆ. ಅವರು ಅಡುಗೆಮನೆಯಲ್ಲಿ ದೋಸೆ ಹಾಕುತ್ತಿದ್ದರು, ಬೆನ್ನು ಟಿವಿ ಕಡೆ. ಢಂ ಅಂದ ತಕ್ಷಣ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು, ನೋಡಿದರು, ವಾಪಸ್ ಹೋದರು. ಆ ಢಂ ಇರೋದು ಅವರಿಗಾಗಿ. ಸೀರಿಯಲ್ ಅನ್ನೋದು ಕಿವಿಯಲ್ಲಿ ಕೇಳೋಕೆ ಮಾಡಿದ್ದು, ಕೈಯಲ್ಲಿ ಕೆಲಸ ಇರುವವರಿಗೆ ಮಾಡಿದ್ದು. ಹತ್ತು ನಿಮಿಷದ ಪರೀಕ್ಷೆಯಲ್ಲಿ ಇದರಷ್ಟು ನಂಬರ್ ಯಾವ ಸಿನಿಮಾಕ್ಕೂ ಬರುವುದಿಲ್ಲ.

ಅಮ್ಮನ ಅಳತೆಗೋಲು ಮಾತ್ರ ಇವತ್ತಿಗೂ ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ'. 1998ರಲ್ಲಿ ದೂರದರ್ಶನದಲ್ಲಿ ಬಂದದ್ದು. ಹೊಸದು ಯಾವುದು ಬಂದರೂ "ಅದರ ಹಾಗಿಲ್ಲ ಬಿಡು" ಅಂತಾರೆ, ಆಮೇಲೆ ಅದನ್ನೇ ಎರಡು ವರ್ಷ ನೋಡುತ್ತಾರೆ.

ಸೀರಿಯಲ್ಲೂ ಬೇಡ, ಉದ್ದದ ಸಿನಿಮಾನೂ ಬೇಡ ಅಂದರೆ 'ಮಾಲ್ಗುಡಿ ಡೇಸ್'. ಎಂಬತ್ತರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ್ದು. ಒಂದು ಕಂತು ಅರ್ಧ ಗಂಟೆಯೂ ಇಲ್ಲ. ಒಂದು ಊಟ, ಒಂದು ಕಂತು. ನಮ್ಮ ಮನೆಯಲ್ಲಿ ಸಿಕ್ಕಿದ್ದು ಹಿಂದಿಯದ್ದು. ಅಮ್ಮನಿಗೆ ಹಿಂದಿ ಬರೋದು ತರಕಾರಿ ಗಾಡಿಯವನ ಜೊತೆ ಮಾತಾಡುವಷ್ಟು. ಆದರೂ ಕಥೆಯ ಹುಡುಗ ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡ್ ಕನ್ನಡಕದ ಮೇಲಿಂದ ನೋಡಿದರೆ ಭಾಷೆ ಯಾಕೆ ಬೇಕು? ಮಗಳು ಈಗ ಹಲ್ಲುಜ್ಜುವಾಗ ಎಲ್. ವೈದ್ಯನಾಥನ್ ಅವರ ಆ ಟೈಟಲ್ ರಾಗ ಗುನುಗುತ್ತಾಳೆ.

ಬಿಗ್ ಬಾಸ್ ಬಗ್ಗೆ ಒಂದೇ ಮಾತು. ನೂರು ದಿನದ ಹತ್ತಿರ, ದಿನಾ ಒಂದೂವರೆ ಗಂಟೆ. ಮದುವೆ ಛತ್ರ ಬುಕ್ ಮಾಡಿದ ಹಾಗೆ ಯೋಚಿಸಿ ಶುರು ಮಾಡಿ.

ಕನ್ನಡದ ವೆಬ್ ಸೀರೀಸ್ ಕಡಿಮೆ. ಇದ್ದವುಗಳಲ್ಲಿ 'ಏಕಮ್' ನನಗೆ ಹಿಡಿಸಿತು. ಕರಾವಳಿಯ ಏಳು ಬೇರೆ ಬೇರೆ ಕಥೆ. ದೊಡ್ಡ ಆ್ಯಪ್‌ಗಳು ತೆಗೆದುಕೊಳ್ಳದೆ ಹೋದಾಗ 2024ರಲ್ಲಿ ಅದನ್ನು ಮಾಡಿದವರೇ ಸ್ವಂತ ವೆಬ್‌ಸೈಟ್ ಮಾಡಿ ಬಿಟ್ಟರು. ಒಂದೊಂದು ಕಥೆ ಅಲ್ಲಲ್ಲೇ ಮುಗಿಯುವುದರಿಂದ ಹತ್ತೂವರೆಯ ಆಕಳಿಕೆಗೆ ಹೇಳಿ ಮಾಡಿಸಿದ್ದು.

ಚಾನೆಲ್ಲೋ ಆ್ಯಪ್ಪೋ

ಚಾನೆಲ್‌ನಲ್ಲಿ ಬರುವ ಸಿನಿಮಾಗೆ ಜಾಹೀರಾತಿನ ಲೆಕ್ಕ ಹಾಕಿಕೊಳ್ಳಿ. ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಮೀರಬಾರದು. ಅಷ್ಟೂ ಹಾಕಿದರೆ ಎರಡೂವರೆ ಗಂಟೆಯ ಸಿನಿಮಾ 3 ಗಂಟೆ 7 ನಿಮಿಷ ಆಗುತ್ತದೆ. ಜಾಹೀರಾತು ಬರೀ ಕಾಟ ಅಂದುಕೊಳ್ಳಬೇಡಿ. ಕುಕ್ಕರ್ ಇಳಿಸುವ ಕೆಲಸವೆಲ್ಲ ಅಲ್ಲೇ ಆಗುತ್ತದೆ. ಆರಿಸುವ ತಲೆನೋವೂ ಇಲ್ಲ, ಏನು ಹಾಕಿದರೋ ಅದು. ಭಾನುವಾರ ಮಧ್ಯಾಹ್ನಕ್ಕೆ ನನ್ನ ಆಯ್ಕೆ ಚಾನೆಲ್ಲೇ.

ಆ್ಯಪ್‌ನಲ್ಲಿ ನೋಡುವುದಾದರೆ ಡೇಟಾ. ಎಚ್‌ಡಿ ಗುಣಮಟ್ಟದಲ್ಲಿ ಗಂಟೆಗೆ 3 ಜಿಬಿವರೆಗೂ ಹೋಗಬಹುದು. ಊರಿಗೆ ಹೋದಾಗ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಹಾಕಿ, ದಿನದ 2 ಜಿಬಿ ಇಂಟರ್ವಲ್‌ಗೂ ಮೊದಲೇ ಮುಗಿಸಿ ಸುಮ್ನೆ ಕೂತ ಅನುಭವ ನಮಗಿದೆ. ಹಿಂದಿನ ದಿನವೇ ವೈಫೈ ಇರುವ ಕಡೆ ಡೌನ್‌ಲೋಡ್ ಮಾಡಿಕೊಳ್ಳಿ.

ಬೇರೆ ಭಾಷೆಯದು ನೋಡುವ ಮುನ್ನ ಆಡಿಯೋ ಮೆನು ತೆಗೆದು ಕನ್ನಡ ಇದೆಯಾ ನೋಡಿ. ಮೊದಲು ಇಲ್ಲಿ ಚಿತ್ರರಂಗದವರು ಡಬ್ಬಿಂಗ್ ಮಾಡಲು ಬಿಡುತ್ತಿರಲಿಲ್ಲ. 2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗ ಆ ಅಡ್ಡಿ ತಪ್ಪು ಅಂದ ಮೇಲೆ ನಿಧಾನಕ್ಕೆ ಬಂತು. ತುಟಿಗೂ ಮಾತಿಗೂ ಹೊಂದದಿದ್ದರೆ ನನಗೆ ಕಿರಿಕಿರಿ. ಆದರೆ ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದುವುದಕ್ಕಿಂತ ಅಮ್ಮನಿಗೆ ಅದೇ ಹಿತ. ಅಮ್ಮ ಇದ್ದಾಗ ಡಬ್ಬಿಂಗ್, ಇಲ್ಲದಾಗ ಸಬ್‌ಟೈಟಲ್.

ಕೊನೆಗೆ, ಎರಡು ಭಾಗದ ಸಿನಿಮಾ. 'ಸಪ್ತ ಸಾಗರದಾಚೆ ಎಲ್ಲೋ' ಸೈಡ್ ಎ ಬಂದದ್ದು 2023ರ ಸೆಪ್ಟೆಂಬರ್ 1ಕ್ಕೆ, ಸೈಡ್ ಬಿ ನವೆಂಬರ್ 17ಕ್ಕೆ. ಥಿಯೇಟರಿಗೆ ಹೋದವರು ಹನ್ನೊಂದು ವಾರ ಕಾದರು. ಆ ಕಾಯುವಿಕೆ ಸಿನಿಮಾದ ಒಂದು ಭಾಗ ಅಂತಲೇ ನನಗೆ ಅನ್ನಿಸುತ್ತದೆ. ಮನೆಯಲ್ಲಿ ಒಂದು ಬಟನ್ ಒತ್ತಿದರೆ ಎರಡನೆಯದು ಶುರು. ಕಳೆದ ಶನಿವಾರ ಮೊದಲನೆಯದು ಮುಗಿದಾಗ ರಾತ್ರಿ ಹನ್ನೆರಡೂಕಾಲು. "ಇನ್ನೊಂದು ವಾರ ಕಾಯೋಣ, ಆಗಲೇ ಅದರ ಮಜಾ" ಅಂತ ನಾನು ಹೇಳಿದೆ. ನನ್ನವರು ತಲೆ ಆಡಿಸಿದರು. ಬೆಳಿಗ್ಗೆ ಅವರ ಕಣ್ಣು ಕೆಂಪಗಿತ್ತು, ಇಯರ್‌ಫೋನ್ ದಿಂಬಿನ ಪಕ್ಕ ಬಿದ್ದಿತ್ತು.

ಇವತ್ತು ಮತ್ತೆ ಶನಿವಾರ. ನಾನು ಸೈಡ್ ಬಿ ನೋಡಬೇಕು. ಬೇಳೆ ಮಧ್ಯಾಹ್ನವೇ ಬೇಯಿಸಿಟ್ಟಿದ್ದೀನಿ.